ಮೊದಲು ಹಿತ್ತಲಿನ ನೈಲಾನ್ ಬಲೆ ಎತ್ತಿಡಿ

ಮಳೆಗಾಲ ಶುರುವಾದರೆ ಸಾಕು, ವಾಟ್ಸಾಪ್ ತುಂಬಾ ಹಾವು ಓಡಿಸುವ ಉಪಾಯಗಳು. ಬೆಳ್ಳುಳ್ಳಿ ನೀರು, ಫಿನಾಯಿಲ್, ಮನೆ ಸುತ್ತ ಸುಣ್ಣದ ಗೆರೆ. ಇದನ್ನೆಲ್ಲ ನಂಬಿಕೊಂಡು ಕತ್ತಲಲ್ಲಿ ಬರಿಗಾಲಲ್ಲಿ ಅಂಗಳಕ್ಕೆ ಇಳಿಯುತ್ತಾರಲ್ಲ, ನನಗೆ ಭಯ ಆಗೋದು ಅವರನ್ನು ನೋಡಿ.

ನನ್ನ ದೊಡ್ಡ ತಕರಾರು ಬಲೆಯ ಮೇಲೆ. ಕೋಳಿ, ನವಿಲು ಬರದಿರಲಿ ಅಂತ ತರಕಾರಿ ಮಡಿಗೆ ನೈಲಾನ್ ಬಲೆ ಕಟ್ಟುತ್ತೇವೆ. ಕರಾವಳಿಯಲ್ಲಿ ಹಳೇ ಮೀನಿನ ಬಲೆಯೂ ಬೇಲಿಯಾಗುತ್ತದೆ. ಬೆಂಡೆ, ಅಲಸಂದೆ ಮುಗಿದರೂ ಅದು ಅಲ್ಲೇ ನೆಲದ ಮೇಲೆ ಮುದ್ದೆಯಾಗಿ ಬಿದ್ದಿರುತ್ತದೆ. ಇಲಿಯ ಹಿಂದೆ ಬಂದ ಕೇರೆ ಹಾವು ಅದರೊಳಗೆ ತಲೆ ತೂರಿಸುತ್ತದೆ. ತಲೆ ಸಣ್ಣದು, ದಾಟುತ್ತದೆ. ಹೊಟ್ಟೆ ಸಿಕ್ಕಿಕೊಳ್ಳುತ್ತದೆ. ಹಿಂದೆ ಸರಿಯೋಣ ಅಂದರೆ ಹುರುಪೆಗಳ ಅಂಚು ಇರೋದು ಬಾಲದ ಕಡೆಗೆ, ದಾರ ಅದರಡಿ ಹೊಕ್ಕುತ್ತದೆ. ಒದ್ದಾಡಿದಷ್ಟೂ ಬಿಗಿ. ಯಾರೂ ನೋಡದಿದ್ದರೆ ಬಿಸಿಲಲ್ಲೇ ಸಾಯುತ್ತದೆ. ಕೇರೆಗೆ ವಿಷವಿಲ್ಲ, ಇಲಿ ಹಿಡಿದು ನಮಗೇ ಉಪಕಾರ ಮಾಡುವ ಹಾವು. ಅದೇ ಬಲೆಯಲ್ಲಿ ನಾಗರಹಾವು ಸಿಕ್ಕಿಬಿದ್ದು, ಪಾಪ ಅಂತ ಯಾರೋ ಕತ್ತರಿ ಹಿಡಿದು ಕೂತರೆ? ದಯವಿಟ್ಟು ಆ ಕೆಲಸ ಮಾಡಬೇಡಿ. ಮಕ್ಕಳನ್ನು, ನಾಯಿಯನ್ನು ದೂರ ಇಟ್ಟು ಅರಣ್ಯ ಇಲಾಖೆಗೋ ಅನುಭವ ಇರುವ ಹಾವು ಹಿಡಿಯುವವರಿಗೋ ಫೋನ್ ಮಾಡಿ.

ಬಲೆ ಬೇಕೇ ಬೇಕು ಅಂದರೆ ಬಿಗಿಯಾಗಿ ಎಳೆದು ಕಟ್ಟಿ, ನೆಲದಿಂದ ಒಂದು ಗೇಣು ಮೇಲಿರಲಿ. ಬೆಳೆ ಮುಗಿದ ದಿನವೇ ಸುತ್ತಿ ಅಟ್ಟಕ್ಕೆ ಹಾಕಿ. ನಾಗರಕಲ್ಲಿಗೆ ತನು ಎರೆದು ಬಂದು ಹಿತ್ತಲಲ್ಲಿ ಇಂಥ ಉರುಳು ಬಿಟ್ಟಿರುತ್ತೇವೆ, ಇದು ಯಾವ ಭಕ್ತಿಯೋ!

ಉಳಿದದ್ದು ನಿಮಗೂ ಗೊತ್ತಿರುವುದೇ. ಕೋಳಿಗೆ ಹಾಕಿ ಉಳಿದ ಅಕ್ಕಿ, ನಾಯಿ ಬಿಟ್ಟ ಅನ್ನ ರಾತ್ರಿ ಹೊರಗೆ ಬಿದ್ದಿದ್ದರೆ ಇಲಿ ಬರುತ್ತದೆ, ಇಲಿ ಹಿಂದೆ ಹಾವು. ಸೌದೆಯನ್ನು ಮನೆ ಗೋಡೆಗೆ ಒರಗಿಸಿ ಪೇರಿಸಬೇಡಿ. ತೆಂಗಿನ ಗರಿ, ತರಗೆಲೆ ರಾಶಿಗೆ ಸುಮ್ನೆ ಕೈ ಹಾಕಬೇಡಿ, ಮೊದಲು ಕೋಲಿನಿಂದ ಸರಿಸಿ. ಕೊಳಕುಮಂಡಲ ತರಗೆಲೆ ನಡುವೆ ಮಲಗಿದ್ದರೆ ಕಾಣೋದೇ ಇಲ್ಲ, ಹೆಜ್ಜೆ ಸಪ್ಪಳಕ್ಕೆ ಸರಿದು ಹೋಗುತ್ತದೆ ಅನ್ನುವ ನಂಬಿಕೆಯೂ ಬೇಡ. ರಾತ್ರಿ ಟಾರ್ಚ್, ತೋಟಕ್ಕೆ ಗಂಬೂಟು. ನೆಲದ ಮೇಲೆ ಮಲಗುವವರು ಸೊಳ್ಳೆ ಪರದೆಯನ್ನು ಹಾಸಿಗೆ ಅಡಿಗೆ ಸಿಕ್ಕಿಸಿಕೊಳ್ಳಿ. ಕಟ್ಟು ಹಾವು ಓಡಾಡೋದು ರಾತ್ರಿ. ಕಚ್ಚಿದರೂ ನೋವು, ಊತ ಅಷ್ಟಾಗಿ ಇರುವುದಿಲ್ಲ, ಇರುವೆ ಕಚ್ಚಿತು ಅಂದುಕೊಂಡು ಮಲಗಿಬಿಡುತ್ತಾರೆ.

2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಅಂತ ಒಂದು ಅಧ್ಯಯನದ ಅಂದಾಜು. ಹೆಚ್ಚಿನವರು ಹಳ್ಳಿಯವರು. ನಮ್ಮ ರಾಜ್ಯ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೇದೇ ಆಯಿತು.

ಕಚ್ಚಿದರೆ ಕೊಯ್ಯೋದು, ಹೀರೋದು, ಹಗ್ಗ ಬಿಗಿಯೋದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ ನೇರ ಆಸ್ಪತ್ರೆಗೆ, ಬೇಕಾದರೆ 108ಕ್ಕೆ ಫೋನ್ ಮಾಡಿ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ವಿಷನಿರೋಧಕ ಇಂಜೆಕ್ಷನ್ ಇದೆ ಅಂತ ಮಳೆ ಹಿಡಿಯುವ ಮೊದಲೇ ಒಮ್ಮೆ ಕೇಳಿಟ್ಟುಕೊಳ್ಳಿ. ಕೆಲವು ಸಣ್ಣ ಆಸ್ಪತ್ರೆಗಳಲ್ಲಿ ಇರೋದಿಲ್ಲ.