ಪೂರ್ತಿ ಒತ್ತಿದ್ದೀರಾ, ಸ್ವಾಮಿ?

ಕರಗಿ ಕಪ್ಪಾದ ಹದಿನಾರು ಪಿನ್ನಿನ ವಿದ್ಯುತ್ ಕನೆಕ್ಟರಿನ ಇನ್ನೊಂದು ಚಿತ್ರ ಈ ವಾರವೂ ಕಣ್ಣಿಗೆ ಬಿತ್ತು. ಕಂಪ್ಯೂಟರಿನಲ್ಲಿ ಆಟಗಳ ಚಿತ್ರ ಮೂಡಿಸುವ, ಎರಡು ಲಕ್ಷ ರೂಪಾಯಿ ಮೀರುವ ಗ್ರಾಫಿಕ್ಸ್ ಕಾರ್ಡು. ಅದರ ಅಂಚಿಗೆ, ಕಾದ ಕಾವಲಿಯ ಮೇಲೆ ಮರೆತ ಪ್ಲಾಸ್ಟಿಕ್ ಚಮಚದಂತೆ ಅಂಟಿಕೊಂಡ ಪ್ಲಗ್ಗು. ಕಾರ್ಡು ಕಳೆದುಕೊಂಡವನನ್ನು ಬಲ್ಲವರು ಮೊದಲು ಕೇಳುವ ಪ್ರಶ್ನೆಯೂ ಎಂದಿನದೇ: "ಪೂರ್ತಿ ಒತ್ತಿದ್ದೀರಾ?"

ಈ ಪ್ರಶ್ನೆಗೆ ಈಗ ಒಂದು ಪರಂಪರೆಯೇ ಇದೆ. 2022ರ ಅಕ್ಟೋಬರಿನಲ್ಲಿ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4090 ಕಾರ್ಡು ಮಾರುಕಟ್ಟೆಗೆ ಬಂದ ಬೆನ್ನಿಗೇ ಪ್ಲಗ್ಗುಗಳು ಕರಗತೊಡಗಿದಾಗ, ತನಗೆ ತಿಳಿದ ಪ್ರಕರಣಗಳು ಸುಮಾರು 50 ಎಂದೂ, ಕನೆಕ್ಟರನ್ನು ಪೂರ್ತಿ ಕೂರಿಸದಿರುವುದೇ ಸಾಮಾನ್ಯವಾಗಿ ಕಾಣುವ ಕಾರಣವೆಂದೂ ಎನ್‌ವಿಡಿಯಾ ನವೆಂಬರಿನಲ್ಲಿ ತಿಳಿಸಿತು. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ಕೇಳಿದ್ದೇವೆ. ನೆಲವನ್ನು ಡೊಂಕಾಗಿ ಕಟ್ಟಿದ ಮೇಸ್ತ್ರಿಯೇ ಬಂದು, "ಅಮ್ಮಾ, ನಿಮ್ಮ ಹೆಜ್ಜೆ ಸರಿಯಿಲ್ಲ" ಎಂದು ವಿನಯದಿಂದ ತಿದ್ದುವ ಗಾದೆಯನ್ನು ಇನ್ನೂ ಯಾರೂ ಕಟ್ಟಿಲ್ಲ.

ಆ ಮೇಸ್ತ್ರಿಯ ಕೌಶಲವನ್ನು ಕೊಂಡಾಡದೆ ಮುಂದೆ ಹೋಗುವುದು ಕೃತಘ್ನತೆಯಾದೀತು. ಹಳೆಯ ಎಂಟು ಪಿನ್ನಿನ ಕನೆಕ್ಟರಿಗೆ ನಿಗದಿಯಾದದ್ದು 150 ವ್ಯಾಟ್. ಮೂರು ತಂತಿಗಳಲ್ಲಿ ತಲಾ ನಾಲ್ಕು ಆಂಪಿಯರ್ ಚಿಲ್ಲರೆ. ಪಿನ್ನು ಅದರ ಎರಡರಷ್ಟನ್ನು ಸಲೀಸಾಗಿ ಹೊರಬಲ್ಲದು. ಇಷ್ಟೊಂದು ಶಕ್ತಿ ಸುಮ್ಮನೆ ಕೂತಿರುವುದನ್ನು ಕಂಡು ಯಾರಿಗೋ ಹೊಟ್ಟೆ ಉರಿದಿರಬೇಕು. ಹೊಸ ಕನೆಕ್ಟರು ಗಾತ್ರದಲ್ಲಿ ಹಳೆಯದಕ್ಕಿಂತ ಹೆಚ್ಚೇನೂ ದೊಡ್ಡದಲ್ಲ, ಪಿನ್ನುಗಳು ಇನ್ನೂ ಸಣ್ಣವು, ಹೊರುವ ಭಾರ ಮಾತ್ರ 600 ವ್ಯಾಟ್. ಅಂದರೆ 12 ವೋಲ್ಟಿನಲ್ಲಿ 50 ಆಂಪಿಯರ್, ಆರು ತಂತಿಗಳಿಗೆ ತಲಾ 8.3, ಪಿನ್ನಿನ ಮಿತಿ 9.5ರ ಆಸುಪಾಸು. ಇದೂ ಆರು ತಂತಿಗಳು ಭಾರವನ್ನು ನ್ಯಾಯವಾಗಿ ಹಂಚಿಕೊಂಡರೆ ಮಾತ್ರ. ಅದೇ ಕಂಪನಿಯ ಹಿಂದಿನ 3090 ಟಿಐ ಕಾರ್ಡಿನಲ್ಲಿ ತಂತಿಗಳನ್ನು ಎರಡೆರಡರಂತೆ ಮೂರು ಗುಂಪು ಮಾಡಿ ಯಾರ ಪಾಲೆಷ್ಟೆಂದು ನೋಡುವ ವ್ಯವಸ್ಥೆಯಿತ್ತು. ಆಮೇಲೆ ಬಂದ ಕಾರ್ಡುಗಳಲ್ಲಿ ಆರನ್ನೂ ಒಟ್ಟಿಗೆ ಬೆಸೆದು, ನೀವು ನೀವೇ ಹೊಂದಿಕೊಂಡು ಹೋಗಿ ಎಂದು ಬಿಟ್ಟುಬಿಟ್ಟರು. ಕೂಡುಕುಟುಂಬದಲ್ಲಿ ಆಗುವುದೇ ಅಲ್ಲಿಯೂ ಆಯಿತು. 2025ರ ಫೆಬ್ರವರಿಯಲ್ಲಿ ಜರ್ಮನಿಯ ಡೆರ್‌ಬೌವರ್ ಎಂಬ ಯೂಟ್ಯೂಬರ್ ನಂತರದ 5090 ಕಾರ್ಡಿನ ತಂತಿಗಳನ್ನು ಅಳೆದಾಗ ಒಂದೇ ತಂತಿ 20 ಆಂಪಿಯರಿಗೂ ಹೆಚ್ಚು ಹೊರುತ್ತಿತ್ತು. ಅವರು ಒತ್ತಲು ಮರೆತಿರಲಿಲ್ಲ.

ಇಂಥ ನಾಜೂಕು ಜೀವಿಯನ್ನು ಎಲ್ಲಿ ಇಟ್ಟಿದ್ದಾರೆ ನೋಡಿ: ಕಾರ್ಡಿನ ಹೊರ ಅಂಚಿನ ನಡುಮಧ್ಯದಲ್ಲಿ, ನೇರವಾಗಿ ಕಂಪ್ಯೂಟರಿನ ಪೆಟ್ಟಿಗೆಯ, ಅಂದರೆ ಕ್ಯಾಬಿನೆಟ್ಟಿನ, ಪಕ್ಕದ ಗಾಜಿಗೆ ಮುಖಮಾಡಿ. ಕನೆಕ್ಟರಿನಿಂದ 35 ಮಿಲಿಮೀಟರಿನೊಳಗೆ ಕೇಬಲ್ಲನ್ನು ಬಗ್ಗಿಸಬೇಡಿ ಎಂಬುದು ಬಲ್ಲವರ ಉಪದೇಶ. ಅಷ್ಟು ದೂರ ಹೋಗುವ ಮೊದಲೇ ಗಾಜು ಎದುರಾಗುತ್ತದೆ ಎಂಬುದು ಅನೇಕ ಕ್ಯಾಬಿನೆಟ್ಟುಗಳ ವಾಸ್ತವ. ಸರಿಯಾಗಿ ಕೂತಿದೆಯೇ ಎಂದು ಅನುಮಾನ ಬಂದರೆ ತೆಗೆದು ಹಾಕಿ ನೋಡಬಹುದು, ಆದರೆ ಹಾಗೆ ತೆಗೆದು ಹಾಕುವುದಕ್ಕೂ 30 ಬಾರಿಯ ಲೆಕ್ಕವಿದೆ. ಶಂಕೆಗೂ ಪಡಿತರ!

ಕನೆಕ್ಟರುಗಳು ತಪ್ಪು ಜಾಗದಲ್ಲಿ ಕೂರುವುದು ಹೊಸ ವಿದ್ಯೆಯೇನಲ್ಲ. ಕಳೆದ ತಿಂಗಳು ಅಕ್ಕನ ಮಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕಂಪ್ಯೂಟರಿನ ಬಿಡಿಭಾಗಗಳನ್ನು ಹೊತ್ತು ತಂದು ನಮ್ಮ ಹಜಾರದಲ್ಲಿ ಹರಡಿದಾಗ ಟಾರ್ಚು ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಪ್ರೊಸೆಸರಿಗೆ ವಿದ್ಯುತ್ ಕೊಡುವ ಎಂಟು ಪಿನ್ನಿನ ಪ್ಲಗ್ಗಿನ ಜಾಗ ಮದರ್‌ಬೋರ್ಡೆಂಬ ಮುಖ್ಯ ಫಲಕದ ಮೇಲ್ತುದಿಯ ಎಡ ಮೂಲೆ. ಎಲ್ಲಕ್ಕೂ ವಿದ್ಯುತ್ ಹಂಚುವ ಎಸ್‌ಎಂಪಿಎಸ್ ಕ್ಯಾಬಿನೆಟ್ಟಿನ ನೆತ್ತಿಯಲ್ಲಿದ್ದ ಕಾಲಕ್ಕೆ ಅದು ಗೇಣಿನ ದೂರ. ಮುಂದೆ ಎಸ್‌ಎಂಪಿಎಸ್ ತಳಕ್ಕೆ ಇಳಿಯಿತು, ಪ್ಲಗ್ಗಿಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಲಿಲ್ಲ. ಹೀಗಾಗಿ ಕೇಬಲ್ಲು ಬೋರ್ಡಿನ ಬೆನ್ನ ಹಿಂದೆ ಇಡೀ ಎತ್ತರ ಹತ್ತಿ, ಕಿರುಬೆರಳು ಹಿಡಿಯುವಷ್ಟು ಕಿಂಡಿಯಲ್ಲಿ ತಲೆ ಹಾಕಬೇಕು. ನಾವು ಫ್ಯಾನುಗಳನ್ನು ಮೊದಲೇ ಕೂರಿಸಿಬಿಟ್ಟಿದ್ದೆವು. ಎಲ್ಲವನ್ನೂ ಬಿಚ್ಚಿದೆವು.

ಆಮೇಲೆ ಪವರ್ ಬಟನ್ನಿನ ತಂತಿ. ಕ್ಯಾಬಿನೆಟ್ಟಿನ ಮುಂಭಾಗದ ಸ್ವಿಚ್ಚು, ದೀಪಗಳಿಗೆಂದು ಜೀರಿಗೆಯಷ್ಟು ಗಾತ್ರದ ನಾಲ್ಕೈದು ಬಿಡಿ ಪ್ಲಗ್ಗುಗಳು, ಬೋರ್ಡಿನ ಕೆಳತುದಿಯಲ್ಲಿ ಎರಡು ಸಾಲಿನ ಒಂಬತ್ತು ಪಿನ್ನು, ಪಕ್ಕದಲ್ಲಿ ಇರುವೆಗಳಿಗಾಗಿ ಮುದ್ರಿಸಿದ ಅಕ್ಷರ. "ಮಾವ, ಪ್ಲಸ್ ಯಾವ ಕಡೆ ಇದೆ ನೋಡಿ" ಎಂದ. ಕನ್ನಡಕ ತೆಗೆದೂ ನೋಡಿದೆ, ಹಾಕಿಕೊಂಡೂ ನೋಡಿದೆ. ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳನ್ನು ಉಗುರಿನಗಲಕ್ಕೆ ಕೆತ್ತಬಲ್ಲ ಉದ್ಯಮ ಒಂಬತ್ತು ಪಿನ್ನಿಗೆ ಒಂದೇ ಪ್ಲಗ್ಗು ಕೊಡುವುದನ್ನು ಇಂದಿಗೂ ವಿಶೇಷ ಸೌಲಭ್ಯವೆಂದೇ ಭಾವಿಸಿದೆ.

ಬೋರ್ಡು, ಪ್ಲಗ್ಗುಗಳ ಅಳತೆ ನಿಗದಿ ಮಾಡುವ ಎಟಿಎಕ್ಸ್ ಮಾದರಿಯನ್ನು ಚಿಪ್ ಕಂಪನಿ ಇಂಟೆಲ್ ತಂದದ್ದು 1995ರಲ್ಲಿ. ಅಂದಿನ 20 ಪಿನ್ನಿನ ದಪ್ಪ ಪ್ಲಗ್ಗು ಮುಂದೆ 24 ಪಿನ್ನಿನದಾಗಿ, ಇಂದಿಗೂ ಬೋರ್ಡಿನ ಅಂಚಿನಲ್ಲಿ ಹಳೆಯ ಜಮೀನ್ದಾರನಂತೆ ಕೂತಿದೆ. ಅದರ ಬದಲು 12 ವೋಲ್ಟಿನ 10 ಪಿನ್ನು ಸಾಕೆಂದು ಇಂಟೆಲ್ಲೇ ಹೊಸ ಮಾದರಿಯನ್ನು ಮುಂದಿಟ್ಟಿತು. ಬಿಡಿಭಾಗಗಳ ಅಂಗಡಿಯಲ್ಲಿ ಅದನ್ನು ಕೇಳಿ ನೋಡಿ, ಹುಡುಗರು ನಿಮ್ಮ ಮುಖ ನೋಡುತ್ತಾರೆ.

ಸುಧಾರಣೆ ಆಗಿಯೇ ಇಲ್ಲ ಎಂದರೆ ನಾಲಿಗೆ ಬಿದ್ದೀತು. ಕನೆಕ್ಟರುಗಳನ್ನೆಲ್ಲ ಬೋರ್ಡಿನ ಬೆನ್ನಿಗೆ ತಿರುಗಿಸುವ ಕ್ರಾಂತಿಯೊಂದು ನಡೆದಿದೆ. ಬೋರ್ಡು ಮಾಡುವ ಕಂಪನಿಗಳಲ್ಲಿ ಅಸೂಸ್ ಅದನ್ನು ಬಿಟಿಎಫ್ ಎನ್ನುತ್ತದೆ, ಎಂಎಸ್‌ಐ ಪ್ರಾಜೆಕ್ಟ್ ಝೀರೋ ಎನ್ನುತ್ತದೆ, ಗಿಗಾಬೈಟ್ ಸ್ಟೆಲ್ತ್ ಎನ್ನುತ್ತದೆ. ಬೋರ್ಡಿಗೆ ಒಪ್ಪುವಂತೆ ಕಿಂಡಿ ಕೊರೆದ ಕ್ಯಾಬಿನೆಟ್ಟನ್ನು ನೀವು ಹೊಸದಾಗಿ ಕೊಳ್ಳಬೇಕು ಎನ್ನುವಲ್ಲಿ ಮಾತ್ರ ಎಲ್ಲರದೂ ಒಮ್ಮತ. ನೆಂಟರು ಬರುವಾಗ ಹಜಾರದ ರಾಶಿಯನ್ನು ಮಂಚದ ಕೆಳಗೆ ತಳ್ಳುವುದನ್ನು ನಮ್ಮ ಮನೆಗಳಲ್ಲಿ ಸ್ವಚ್ಛತೆ ಎನ್ನುತ್ತಿದ್ದೆವು. ಇದಕ್ಕೆ ಕೇಬಲ್ ಮ್ಯಾನೇಜ್‌ಮೆಂಟ್ ಎಂದು ಹೆಸರು.

ತಮಾಷೆ ಸಾಕು. ಆ ಹದಿನಾರು ಪಿನ್ನಿನ ಕನೆಕ್ಟರಿನ ಮಾನದಂಡವನ್ನು ಆಮೇಲೆ ತಿದ್ದಿ, ಪ್ಲಗ್ಗು ಕೂತಿದೆಯೇ ಎಂದು ತಿಳಿಸುವ ಸಂವೇದಕ ಪಿನ್ನುಗಳನ್ನು ಗಿಡ್ಡ ಮಾಡಿ, ವಿದ್ಯುತ್ ಪಿನ್ನುಗಳನ್ನು ತುಸು ಉದ್ದ ಮಾಡಿ, ಅರ್ಧ ಕೂತ ಪ್ಲಗ್ಗು ಕೆಲಸವನ್ನೇ ಮಾಡದಂತೆ ಮಾಡಿದ್ದು ಈ ಉದ್ಯಮದವರೇ. ಅಂದರೆ ಮೊದಲಿನದರಲ್ಲಿ ದೋಷವಿತ್ತೆಂದು ಅವರೂ ಒಪ್ಪಿದಂತಾಯಿತು. ಹಾಗಿದ್ದೂ ಬೆರಳು ತೋರಿದ್ದು ಕೊಂಡವನ ಕಡೆಗೆ. ಅಡುಗೆಮನೆಯ ಸಾಧಾರಣ ಮಿಕ್ಸಿ ಕೂಡ ಜಾರು ಸರಿಯಾಗಿ ಕೂರದಿದ್ದರೆ ತಿರುಗದೆ ನಿಲ್ಲಬಲ್ಲದು. ಎರಡು ಲಕ್ಷದ ಯಂತ್ರಕ್ಕೆ ಅಷ್ಟು ಬುದ್ಧಿ ಕಲಿಸಲು, ಹಣ ಕೊಟ್ಟವರ ಕಾರ್ಡುಗಳು ಮೊದಲು ಸುಡಬೇಕಾಯಿತು. ನನಗೆ ಇದರಲ್ಲಿ ನಗು ಬರುವುದು ನಿಂತು ಬಹಳ ದಿನವಾಯಿತು.

ಅಕ್ಕನ ಮಗ ತನ್ನ ಮಟ್ಟಿಗೆ ದಾರಿ ಕಂಡುಕೊಂಡಿದ್ದಾನೆ. ಬಣ್ಣದ ದೀಪಗಳನ್ನು ತೋರಿಸಲೆಂದೇ ಹೆಚ್ಚು ಹಣ ಕೊಟ್ಟು ತಂದ ಗಾಜನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದಾನೆ. ಕೇಬಲ್ಲು ಪಕ್ಕೆಯಿಂದ ಹೊರಗೆ ಬಾಗಿ ನಿಂತಿದೆ. ದಿನಕ್ಕೊಮ್ಮೆ ಅದನ್ನು ಮುಟ್ಟಿ, ಬಿಸಿ ಎಷ್ಟಿದೆ ಎಂದು ನೋಡಿ, ಆಮೇಲೆ ಆಟಕ್ಕೆ ಕೂರುತ್ತಾನೆ.