ತೋಳಕ್ಕೆ ಕ್ಲೋಸಪ್, ಕುರಿಗೆ ಲಾಂಗ್ ಶಾಟ್

ಉದ್ಯಮಿಗಳ ಬಗ್ಗೆ ಬರುವ ಥ್ರಿಲ್ಲರ್ ಸಿನಿಮಾಗಳಲ್ಲಿ ಯಾರೂ ಬರೆದಿಡದ ಒಂದು ನಿಯಮ ಇದೆ. ದುಡ್ಡು ಹೊಡೆದವನಿಗೆ ಕ್ಲೋಸಪ್, ಕಳೆದುಕೊಂಡವನಿಗೆ ಲಾಂಗ್ ಶಾಟ್. ಹೊಡೆದವನು ಲಿಫ್ಟಿನಿಂದ ಇಳಿದರೂ ಸ್ಲೋ ಮೋಷನ್. ಸೂಟಿನ ಗುಂಡಿ ಹಾಕಿಕೊಂಡರೆ ಹಿಂದೆ ಡ್ರಮ್ಸ್. ಕಳೆದುಕೊಂಡವರು ಕೊನೆಯಲ್ಲಿ ಬರುತ್ತಾರೆ, ಬ್ಯಾಂಕಿನ ಶಟರ್ ಬಡಿಯುವ ಗುಂಪಾಗಿ. ಅವರಿಗೆ ಹೆಸರಿಲ್ಲ, ಡೈಲಾಗಿಲ್ಲ. ಆ ದಿನದ ಬಾಟಾ ಮಾತ್ರ ಇರುತ್ತದೆ.

ಇದನ್ನು ಗೇಲಿ ಮಾಡೋಣ ಎಂದು ಕೂತರೆ ಕಷ್ಟ ಏನೆಂದರೆ, ನಿಜ ಸಂಗತಿಯೇ ನಮಗಿಂತ ಚೆನ್ನಾಗಿ ಗೇಲಿ ಮಾಡುತ್ತದೆ. 2013ರ 'ದಿ ವುಲ್ಫ್ ಆಫ್ ವಾಲ್ ಸ್ಟ್ರೀಟ್' ನೋಡಿ. ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶನ, ಲಿಯೊನಾರ್ಡೊ ಡಿಕಾಪ್ರಿಯೊ ನಾಯಕ. ಜೋರ್ಡಾನ್ ಬೆಲ್‌ಫೋರ್ಟ್ ಎಂಬ ಷೇರು ದಲ್ಲಾಳಿ ಕೆಲಸಕ್ಕೆ ಬಾರದ ಷೇರುಗಳನ್ನು ಜನರ ತಲೆಗೆ ಕಟ್ಟಿ ದುಡ್ಡು ಮಾಡಿದ ಕಥೆ. ನಡೆದದ್ದೇ. ಆತ ಸುಮಾರು 22 ತಿಂಗಳು ಜೈಲಿನಲ್ಲಿದ್ದ. ಚಿತ್ರದ ತುಂಬ ಅವನ ಪಾರ್ಟಿ, ಅವನ ಹಡಗು, ಅವನ ಭಾಷಣ. ಮೋಸಹೋದವರು? ಫೋನಿನ ಆ ಕಡೆ ಹೂಂಗುಟ್ಟುವ ದನಿ, ಅಷ್ಟೇ.

ಸರಿ, ಈ ಚಿತ್ರಕ್ಕೆ ದುಡ್ಡು ಹಾಕಿದವರು ಯಾರು? ರೆಡ್ ಗ್ರಾನೈಟ್ ಎಂಬ ಕಂಪನಿ. ಅದನ್ನು ಕಟ್ಟಿದವರಲ್ಲಿ ಒಬ್ಬರು ರಿಜಾ ಅಜೀಜ್, ಆಗಿನ ಮಲೇಷ್ಯಾ ಪ್ರಧಾನಿ ನಜೀಬ್ ರಜಾಕ್ ಅವರ ಮಲಮಗ. ಮಲೇಷ್ಯಾ ಸರ್ಕಾರದ 1ಎಂಡಿಬಿ ನಿಧಿಯಿಂದ 450 ಕೋಟಿ ಡಾಲರ್‌ಗೂ ಹೆಚ್ಚು ಹಣ ಮಾಯವಾಗಿದೆ, ಅದರಲ್ಲೊಂದು ಪಾಲು ಈ ಚಿತ್ರಕ್ಕೆ ಹರಿದಿದೆ ಎಂದು ಅಮೆರಿಕದ ನ್ಯಾಯ ಇಲಾಖೆ ಹೇಳಿತು. ಕಂಪನಿ 2018ರಲ್ಲಿ 6 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. ಕಳ್ಳನ ಕಥೆಗೆ ಕದ್ದ ದುಡ್ಡು! ಪಾತ್ರವನ್ನೇ ಬದುಕಿ ನಟಿಸುವ ಮೆಥಡ್ ಆ್ಯಕ್ಟಿಂಗ್ ಕೇಳಿದ್ದೆವು, ಇದು ಮೆಥಡ್ ಪ್ರೊಡಕ್ಷನ್.

ಇಷ್ಟಕ್ಕೇ ಮುಗಿಯಲಿಲ್ಲ. ಮಲೇಷ್ಯಾದಲ್ಲಿ ಆ ಚಿತ್ರಕ್ಕೆ ನಿಷೇಧ. ಅಶ್ಲೀಲ ಜಾಸ್ತಿಯಂತೆ. ಬಂಡವಾಳ ಹೂಡಿದ ಪ್ರಜೆಗಳಿಗೆ ಟಿಕೆಟ್ಟೂ ಸಿಗಲಿಲ್ಲ. 2014ರಲ್ಲಿ ಗೋಲ್ಡನ್ ಗ್ಲೋಬ್ ಪಡೆದ ಡಿಕಾಪ್ರಿಯೊ ವೇದಿಕೆ ಮೇಲೆ ನಿಂತು ಧನ್ಯವಾದ ಹೇಳಿದವರಲ್ಲಿ ಜೋ ಲೋ ಕೂಡ ಒಬ್ಬ. ಈ ಹಗರಣದ ಸೂತ್ರಧಾರ ಎಂಬ ಆರೋಪ ಹೊತ್ತು ಆಮೇಲೆ ತಲೆಮರೆಸಿಕೊಂಡವನು ಅವನೇ. ಮಲೇಷ್ಯಾದ ಜನರಿಗೆ ಮಾತ್ರ ಯಾರೂ ಥ್ಯಾಂಕ್ಸ್ ಹೇಳಲಿಲ್ಲ.

ಕೊನೆಗೆ 2020ರಲ್ಲಿ ಸ್ವತಃ ಬೆಲ್‌ಫೋರ್ಟ್ ಕೋರ್ಟಿಗೆ ಹೋದ. 30 ಕೋಟಿ ಡಾಲರ್ ಪರಿಹಾರ ಬೇಕು ಎಂದ. ದುಡ್ಡಿನ ಮೂಲ ಗೊತ್ತಿದ್ದರೆ ನನ್ನ ಕಥೆಯ ಹಕ್ಕು ಕೊಡುತ್ತಲೇ ಇರಲಿಲ್ಲ, ನನಗೆ ಮೋಸವಾಗಿದೆ ಅಂತ! ಪಾಪ, ಅಲ್ವಾ? ಊರಿಗೆಲ್ಲ ಟೋಪಿ ಹಾಕಿದವನ ತಲೆಗೆ ಯಾರೋ ಅಳತೆ ತೆಗೆದುಕೊಂಡುಬಿಟ್ಟಿದ್ದರು.

ಖಳನನ್ನು ತೋರಿಸಿ ಬುದ್ಧಿ ಹೇಳುತ್ತೇವೆ ಎಂದು ನಿರ್ದೇಶಕರು ಹೇಳುತ್ತಲೇ ಇರುತ್ತಾರೆ. 1987ರ 'ವಾಲ್ ಸ್ಟ್ರೀಟ್' ಕೂಡ ಹಾಗೇ ಬಂತು. ಅದರ ಖಳ, ದುರಾಸೆಯ ಷೇರು ಕುಳ ಗೋರ್ಡನ್ ಗೆಕ್ಕೊನನ್ನು ನೋಡಿ ಜನ ಛೀ ಅನ್ನಬೇಕಿತ್ತು. ಹುಡುಗರು ಅವನ ಹಾಗೆ ಕೂದಲು ಹಿಂದಕ್ಕೆ ಬಾಚಿಕೊಂಡು ಷೇರುಪೇಟೆಗೆ ಕೆಲಸಕ್ಕೆ ಸೇರಿದರು. 2012ರಲ್ಲಿ ಎಫ್‌ಬಿಐ ಆ ಪಾತ್ರ ಮಾಡಿದ ಮೈಕಲ್ ಡಗ್ಲಾಸ್ ಅವರನ್ನೇ ಕರೆಸಿ, ಅಪ್ಪಾ, ಅದು ಸಿನಿಮಾ, ನೀವು ಹಾಗೆ ಮಾಡಬೇಡಿ ಎಂದು ಜಾಹೀರಾತು ಮಾಡಿಸಬೇಕಾಯಿತು.

ನಮ್ಮಲ್ಲೂ ಬೇರೆ ಇಲ್ಲ. 2020ರಲ್ಲಿ, ಕೊರೊನಾಗೆ ಹೆದರಿ ಎಲ್ಲರೂ ಮನೆಯಲ್ಲಿ ಕೂತಿದ್ದಾಗ, ಷೇರು ಹಗರಣದ ದಲ್ಲಾಳಿ ಹರ್ಷದ್ ಮೆಹ್ತಾನ ಕಥೆಯ ವೆಬ್ ಸರಣಿ ಬಂತು. ಹಗರಣ ಬಯಲಿಗೆಳೆದದ್ದು ಸುಚೇತಾ ದಲಾಲ್ ಎಂಬ ಪತ್ರಕರ್ತೆ. ರಿಂಗ್‌ಟೋನ್ ಆದದ್ದು ಮಾತ್ರ ಹರ್ಷದನ ಮ್ಯೂಸಿಕ್. ಅದನ್ನೇ ಹಿನ್ನೆಲೆಗೆ ಹಾಕಿ ರೀಲ್ಸ್ ಮಾಡಿದ ಎಷ್ಟು ಹುಡುಗರು ಷೇರು ಬೆಲೆಯ ಏರಿಳಿತದ ಮೇಲೆ ಬಾಜಿ ಕಟ್ಟುವ ಆಪ್ಷನ್ಸ್ ಟ್ರೇಡಿಂಗಿಗೆ ಇಳಿದರೋ, ಆ ಲೆಕ್ಕ ಯಾರೂ ಇಟ್ಟಿಲ್ಲ. ಷೇರುಪೇಟೆಯ ನಿಯಂತ್ರಕ ಸೆಬಿ ಇಟ್ಟ ಲೆಕ್ಕ ಬೇರೆ: 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಸಣ್ಣವರಲ್ಲಿ ಶೇ 93 ಮಂದಿಗೆ ನಷ್ಟ. ಆ ವರದಿಗೆ ಮ್ಯೂಸಿಕ್ ಇಲ್ಲ, ಹಾಗಾಗಿ ಓದಿದವರೂ ಇಲ್ಲ.

ಇನ್ನು ಅಗ್ಗದ ವಿಮಾನ ಸಂಸ್ಥೆ ಏರ್ ಡೆಕ್ಕನ್ ಕಟ್ಟಿದ ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್. ಅವರು ಕಳ್ಳರಲ್ಲ, ಅದಕ್ಕೇ ಇರಬೇಕು ಕನ್ನಡದಲ್ಲಿ ಸಿನಿಮಾ ಆಗಲಿಲ್ಲ. ತಮಿಳಿಗೆ ಹೋಗಿ ಮದುರೆ ಕಡೆಯವರಾದರು, ಹಿಂದಿಗೆ ಹೋಗಿ ಮಹಾರಾಷ್ಟ್ರದವರಾದರು. ತಮಿಳಿನಲ್ಲಿ ನಾಯಕ ಐಷಾರಾಮಿ ಉದ್ಯಮಿಯ ಪಾಲುದಾರಿಕೆಯನ್ನು ಬೇಡ ಅನ್ನುತ್ತಾನೆ. ಚಪ್ಪಾಳೆ. ನಿಜದಲ್ಲಿ 2007ರಲ್ಲಿ ಏರ್ ಡೆಕ್ಕನ್ ವಿಜಯ್ ಮಲ್ಯ ಅವರ ಕಿಂಗ್‌ಫಿಶರ್ ಬುಟ್ಟಿಗೆ ಬಿತ್ತು. 2012ರಲ್ಲಿ ಕಿಂಗ್‌ಫಿಶರ್ ನೆಲಕ್ಕೆ ಬಿತ್ತು. ತಿಂಗಳುಗಟ್ಟಲೆ ಸಂಬಳವಿಲ್ಲದ ನೌಕರರು ಮುಷ್ಕರ ಹೂಡಿದರು. ಅವರ ಕಥೆ ಯಾರಿಗೂ ಬೇಡ. ಪರಾರಿಯಾದ ಆರ್ಥಿಕ ಅಪರಾಧಿ ಎಂದು ಕೋರ್ಟ್ ಘೋಷಿಸಿದ ಮಾಲೀಕರು 2025ರ ಜೂನ್‌ನಲ್ಲಿ ಪಾಡ್‌ಕಾಸ್ಟ್ ಒಂದರಲ್ಲಿ ಕೂತು ನಾಲ್ಕು ಗಂಟೆಗೂ ಹೆಚ್ಚು ಮಾತಾಡಿದರು. ಜನ ಅದನ್ನು ಕೂತು ಕೇಳಿದರು, ಛೇ, ಎಂಥ ಮನುಷ್ಯನಿಗೆ ಎಂಥ ಗತಿ ಬಂತು ಎಂದರು.

ಹಾಗಾಗಿ ನಾನೇ ಒಂದು ಸಸ್ಪೆನ್ಸ್ ಕಥೆ ಹೆಣೆದಿದ್ದೇನೆ. 2020ರ ಜನವರಿ, ಬಸವನಗುಡಿ. ಸಹಕಾರ ಬ್ಯಾಂಕೊಂದರ ಮುಂದೆ ಸಾಲು. ರಿಸರ್ವ್ ಬ್ಯಾಂಕ್ ಆದೇಶದಂತೆ ತಲೆಗೆ 35,000 ರೂಪಾಯಿ ಮಾತ್ರ, ಇಷ್ಟು ನಿಜ. ಸಾಲಿನಲ್ಲಿ ನನ್ನ ನಾಯಕ, ರಿಟೈರ್ಡ್ ಮೇಷ್ಟ್ರು. ಪಿಎಫ್ ದುಡ್ಡೆಲ್ಲ ಒಳಗೆ. ಮುಂದಿನ ತಿಂಗಳು ಮಗಳ ಮದುವೆ. ಅಡುಗೆಯವರು ಫೋನ್ ಮಾಡುತ್ತಿದ್ದಾರೆ, ಛತ್ರದವರು ಫೋನ್ ಮಾಡುತ್ತಿದ್ದಾರೆ. ಹೆಂಡತಿಗೆ ಇನ್ನೂ ವಿಷಯ ಹೇಳಿಲ್ಲ.

ಇದನ್ನು ನಮ್ಮ ಯಾವ ನಿರ್ಮಾಪಕರ ಮುಂದಿಟ್ಟರೂ ಉತ್ತರ ಹೀಗೇ ಇರುತ್ತದೆ: "ಕಥೆ ಚೆನ್ನಾಗಿದೆ ಸಾರ್. ಒಂದೇ ಒಂದು ಚೇಂಜ್. ಇಂಟರ್‌ವಲ್ ಹೊತ್ತಿಗೆ ಆ ಬ್ಯಾಂಕ್ ದುಡ್ಡನ್ನ ಮೇಷ್ಟ್ರೇ ಹೊಡೆದಿರೋದು ಅಂತ ಗೊತ್ತಾಗಬೇಕು. ಆಗ ಸ್ಟಾರ್ ಡೇಟ್ಸ್ ನಾನು ತರ್ತೀನಿ."