ಅಂಟಿನುಂಡೆ ಡಬ್ಬಕ್ಕೆ ಇಷ್ಟೊಂದು ತಪಾಸಣೆನಾ

ನ್ಯೂಜೆರ್ಸಿಲಿ ತಂಗಿ ಬಾಣಂತಿ, ಅಮ್ಮ ಎರಡು ದಿನ ಒಲೆ ಮುಂದೆ ಕೂತು ಮಂಡ್ಯ ಬೆಲ್ಲ ಹಾಕಿ ಅಂಟಿನುಂಡೆ ಮಾಡಿದ್ರು, ಕುವೆಂಪುನಗರದ ಕೊರಿಯರ್ ಕೌಂಟರಲ್ಲಿ ಡಬ್ಬ ಎಲ್ಲಾ ಬಿಚ್ಚಿಸಿ ಒಂದೊಂದಕ್ಕೂ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನವರು ಸರಕು ಗುರುತಿಸೋ ನಂಬರ್) ಕೊಡಿ, ಬೆಲೆ ಬರೀರಿ, ಒಳಗೇನೇನಿದೆ ಹೇಳಿ ಅಂತಾರೆ. ಅಂಟು ಅಂದ್ರೆ ಏನಮ್ಮಾ ಅಂತ ನಮ್ಮನ್ನೇ ಕೇಳ್ತಾರೆ! 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಅಮೆರಿಕದಲ್ಲಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಹೋಯ್ತು, ಗೊತ್ತು, ಒಪ್ತೀನಿ. ಆದ್ರೆ ಮನೇಲೇ ಮಾಡಿ ಮನೆಯವರಿಗೆ ಗಿಫ್ಟ್ ಕಳ್ಸೋ ತಿಂಡಿಗೆ ಅಲ್ಲಿನ ಆಹಾರ-ಔಷಧ ಇಲಾಖೆ ಎಫ್‌ಡಿಎಗೆ ಮುಂಗಡ ನೋಟಿಸ್ (ತಿಂಡಿ ಬರ್ತಿದೆ ಅಂತ ಮೊದಲೇ ತಿಳಿಸೋದು) ಕೊಡೋದೇ ಬೇಡ ಅಂತ ರೂಲ್ ಇದೆ ಕಣ್ರೀ, ಅದನ್ನ ಹೇಳಿದ್ರೂ ಕೇಳ್ದೆ ನೋಟಿಸ್ ಚಾರ್ಜ್ ಅಂತ ಬೇರೆ ದುಡ್ಡು ಕಿತ್ಕೊಂಡ್ರು. ಈಗ ಹನ್ನೊಂದು ದಿನದಿಂದ ಟ್ರ್ಯಾಕಿಂಗಲ್ಲಿ ಬರೀ "ತಪಾಸಣೆಯಲ್ಲಿದೆ", ಅಮ್ಮ ದಿನಾ ಬೆಳಗ್ಗೆ ಎದ್ದು ತಲುಪ್ತಾ ಅಂತ ಕೇಳ್ತಾರೆ, ನಂಗೆ ಹೊಟ್ಟೆ ಉರಿಯುತ್ತೆ.